ಕೋವಿ ಹೊತ್ತವರ ಜೊತೆ ಕೊಡಗಿನಲ್ಲಿ

ಪೋಲೀಸರನ್ನು ಕಂಡರೆ ರಸ್ತೆಯ ಮತ್ತೊಂದು ಬದಿಗೆ ಸರಿದು ನಡೆಯುವವರಲ್ಲಿ ನಾನೂ ಒಬ್ಬ. ಅಪರಾಧವೇನನ್ನೂ ಮಾಡಿದವನಲ್ಲ, ಆದರೂ ಖಾಕಿ ಬಟ್ಟೆ ಕಣ್ಣಿಗೆ ಬಿದ್ದೊಡನೆ ಜೇಬಿನಲ್ಲಿರುವ ಕಾಗದಪತ್ರಗಳೆಲ್ಲ ನೆಟ್ಟಗಿವೆಯೇ ಎಂದು ಕೈ ತಾನಾಗಿಯೇ ತಡವಿ ನೋಡುತ್ತದೆ. ಇಂಥವನು ಈಚೆಗೆ ಒಂದು ಸೆಪ್ಟೆಂಬರ್ ತಿಂಗಳ ಬೆಳಗ್ಗೆ, ಹಾಡುಹಗಲಿನಲ್ಲಿ, ಸರ್ಕಾರಿ ಡಾಂಬರು ರಸ್ತೆಯ ಮೇಲೆ, ಹೆಗಲಿಗೆ ಜೋಡುನಳಿಗೆಯ ಕೋವಿಯನ್ನೇರಿಸಿಕೊಂಡ ಹಿರಿಯರೊಬ್ಬರ ಮಗ್ಗುಲಲ್ಲೇ ಹೆಜ್ಜೆ ಹಾಕುತ್ತ ಪೋಲೀಸ್ ಪೇದೆಯೊಬ್ಬನ ಎದುರಿಗೆ ಹೋಗಿ ನಿಂತೆನೆಂದರೆ, ಅದು ನನ್ನ ಧೈರ್ಯವಲ್ಲ. ಆ ನೆಲದ ಗುಣ.

ಮೈಸೂರಿನಿಂದ ಹುಣಸೂರನ್ನು ದಾಟಿ ಆನೆಚೌಕೂರಿನ ಗೇಟು ಹಾಯ್ದೊಡನೆ ಗಾಳಿ ಬೇರೆಯಾಗುತ್ತದೆ. ರಸ್ತೆಯ ಎರಡು ಕಡೆಯೂ ಕಾಡು. ತಿತಿಮತಿ ಕಳೆಯಿತೆಂದರೆ ಕಾಫಿಯ ತೋಟಗಳು. ಸಿಲ್ವರ್ ಮರಗಳನ್ನು ತಬ್ಬಿ ಹತ್ತಿದ ಮೆಣಸಿನ ಬಳ್ಳಿಗಳು. ತಗ್ಗಿನಲ್ಲಿ ಆಗತಾನೆ ನಾಟಿ ಮುಗಿದ ಗದ್ದೆಗಳ ಎಳೆಹಸುರು. ಮಳೆ ಪೂರ್ತಿಯಾಗಿ ನಿಂತಿರಲಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂತೆ ಸೂರ್ಯನು ಬಾಗಿಲ ಸಂದಿನಿಂದ ಇಣುಕಿ ನೋಡಿ ಮತ್ತೆ ಒಳಸೇರುತ್ತಿದ್ದನು. ಗೋಣಿಕೊಪ್ಪಲಿನಲ್ಲಿ ಬಸ್ಸಿಳಿದಾಗ ನನ್ನ ಕಾಲೇಜಿನ ದಿನಗಳ ಗೆಳೆಯನು ಜೀಪಿನೊಡನೆ ಕಾದಿದ್ದನು. ಮೂವತ್ತು ವರ್ಷಗಳಿಂದ ‘ಕೈಲ್‌ಪೊಳ್ದಿಗೆ ಬಾ, ಬಾ’ ಎಂದು ಕರೆಯುತ್ತಲೇ ಇದ್ದವನು. ಹೋಗಲು ನನಗೆ ಪುರಸತ್ತಾದದ್ದು ಈಗ.

ಕೈಲ್ ಎಂದರೆ ಆಯುಧ; ಪೊಳ್ದ್ ಎಂದರೆ ಹಬ್ಬ. ಬಯಲುಸೀಮೆಯವರಾದ ನಮಗೆ ಆಯುಧಪೂಜೆ ನವರಾತ್ರಿಯಲ್ಲಿ. ಕೊಡವರಿಗೆ ಅದು ನಾಟಿಯ ಕೆಲಸ ಮುಗಿದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್ 3ರ ಸುಮಾರಿಗೆ. ನಾಡಿನಿಂದ ನಾಡಿಗೆ ದಿನ ಕೊಂಚ ಹಿಂದುಮುಂದಾಗುವುದುಂಟು. ಹಿಂದಿನ ಕಾಲದಲ್ಲಿ ಗದ್ದೆಯ ಕೆಲಸ ತೊಡಗಿದೊಡನೆ ಕೋವಿ ಕತ್ತಿಗಳನ್ನು ದೇವರ ಕೋಣೆಯಲ್ಲಿಟ್ಟು, ನೇಗಿಲಿನ ಕಾಲ ಮುಗಿಯುವವರೆಗೆ ಅವನ್ನು ಮುಟ್ಟದೆ, ಈ ದಿನ ಹೊರಕ್ಕೆ ತೆಗೆಯುತ್ತಿದ್ದರಂತೆ. ಉಳುವ ಕೈಯೂ ಹೊಡೆಯುವ ಕೈಯೂ ಒಂದೇ ಆದ ಜನರಿಗೆ ಇಂಥದೊಂದು ಕಟ್ಟಳೆ ಬೇಕೇ ಆಗಿದ್ದೀತು.

ಗೆಳೆಯನ ದೊಡ್ಡಪ್ಪ ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಊರಿನಲ್ಲಿ ಹೆಸರು ಹಿಡಿದು ಕರೆಯುವವರೇ ಇಲ್ಲ, ಎಲ್ಲರಿಗೂ ಸುಬೇದಾರರೇ. ವಯಸ್ಸು ಎಂಬತ್ತು ದಾಟಿದೆ. ಬೆನ್ನು ಮಾತ್ರ ನೆಟ್ಟನೆಯ ಅಡಕೆಯ ಮರ. ನಾನು ಹೋದ ಸಂಜೆ ಅವರು ಜಗಲಿಯಲ್ಲಿ ಹಳೆಯ ಪಂಚೆಯ ತುಂಡೊಂದನ್ನು ಎಣ್ಣೆಯಲ್ಲಿ ಅದ್ದಿ ಕೋವಿಯ ನಳಿಗೆಯನ್ನು ಒರಸುತ್ತ ಕುಳಿತಿದ್ದರು. ಪಕ್ಕದಲ್ಲಿ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸಮಾಡುವ ಮೊಮ್ಮಗಳು, ರಜೆ ಹಾಕಿ ಬಂದವಳು, ದೀಪ ಹಿಡಿದು ನಳಿಗೆಯೊಳಗೆ ಇಣುಕಿ ‘ಇನ್ನೂ ಒಂದು ಚೂರು ಉಂಟು ಅಜ್ಜ’ ಎನ್ನುತ್ತಿದ್ದಳು. ಅವರಿಗೆ ಅದು ಕಾಣಿಸುತ್ತಿರಲಿಲ್ಲ. ಕಣ್ಣಿನ ಬೆಳಕು ಹೋಗುತ್ತಲಿದೆಯೆಂಬುದನ್ನು ಗೆಳೆಯನು ದಾರಿಯಲ್ಲೇ ತಿಳಿಸಿದ್ದನು. ಈ ಹಬ್ಬ ಕಳೆದ ಮೇಲೆ ಕೋವಿಯನ್ನು ಮೊಮ್ಮಗಳಿಗೆ ಒಪ್ಪಿಸುವುದೆಂದು ಸುಬೇದಾರರು ನಿಶ್ಚಯಿಸಿದ್ದರು. ಆಕೆಯ ತಂದೆಗೆ ಇದು ಒಪ್ಪಿಗೆಯಿರಲಿಲ್ಲ. ‘ಬೆಂಗಳೂರಿನಲ್ಲಿ ಕಂಪ್ಯೂಟರ್ ಒತ್ತುವ ಹುಡುಗಿಗೆ ಕೋವಿ ಏತಕ್ಕೆ? ಡೀಸಿ ಆಫೀಸಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದು ಲೇಸು’ ಎಂಬುದು ಅವರ ವಾದ. ರಾತ್ರಿಯ ಊಟದ ಹೊತ್ತಿನಲ್ಲಿ ಈ ಮಾತು ಒಮ್ಮೆ ಎದ್ದು, ಅತಿಥಿಯಾದ ನನ್ನ ಮುಖ ನೋಡಿ ಅಡಗಿತು.

ಮಾತು ತಿರುಗಿಸಲೆಂದು ಸುಬೇದಾರರು ತಮ್ಮ ಮುತ್ತಜ್ಜನಿಗೆ ನರಿಮಂಗಲವಾದ ಕಥೆ ಹೇಳತೊಡಗಿದರು. ಬಿಸಿಲೂ ಮಳೆಯೂ ಒಟ್ಟಿಗೆ ಬಂದರೆ ಕಾಗೆಗೂ ನರಿಗೂ ಮದುವೆ ಎಂದು ಕೇಳುತ್ತ ಬೆಳೆದವನು ನಾನು. ಇದೂ ಅಂಥದೇ ಇರಬೇಕೆಂದು ನಕ್ಕುಬಿಟ್ಟೆ. ಮನೆಯವರೆಲ್ಲ ನನ್ನನ್ನು ನೋಡಿ ನಕ್ಕರು. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ! ಹುಲಿಯನ್ನು ಕೊಂದವನನ್ನು ಮದುಮಗನಂತೆ ಸಿಂಗರಿಸಿ, ಹುಲಿಯ ಕಳೇಬರದ ಬಳಿ ಕೂರಿಸಿ, ಊರವರೆಲ್ಲ ಬಂದು ಹರಸುತ್ತಿದ್ದ ಸಂಭ್ರಮ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇಲೆ ಅಂಥ ಮದುವೆಗಳು ಮುಗಿದವು. ಇಂದು ತೋಟಕ್ಕೆ ಆನೆ ನುಗ್ಗಿದರೆ ಗಾಳಿಯಲ್ಲಿ ಒಂದು ಗುಂಡು ಹಾರಿಸಿ ಕೂಗೆಬ್ಬಿಸಬಹುದು, ಅಷ್ಟೆ. ‘ಆ ಕೆಲಸಕ್ಕೆ ಪಟಾಕಿ ಸಾಕು’ ಎಂದು ಮಗ ಮೆಲ್ಲನೆ ಗೊಣಗಿದ್ದು ನನಗೂ ಕೇಳಿಸಿತು, ಸುಬೇದಾರರಿಗೂ ಕೇಳಿಸಿತು.

ಮರುದಿನ ಬೆಳಗ್ಗೆ ಕೋವಿಯನ್ನು ಐನ್‌ಮನೆಗೆ ಒಯ್ಯಬೇಕು. ಐನ್‌ಮನೆಯೆಂದರೆ ಒಕ್ಕಕ್ಕೆಲ್ಲ ಮೂಲವಾದ ಹಿರಿಯರ ಮನೆ. ಈಗ ಅಲ್ಲಿ ವಾಸವಿರುವುದು ಒಂದೇ ಸಂಸಾರ, ಉಳಿದವರು ಹಬ್ಬಕ್ಕೆ ಕೂಡುತ್ತಾರೆ. ದೂರ ಎರಡು ಮೈಲಿ. ಜೀಪಿದ್ದರೂ ಸುಬೇದಾರರು ‘ಕೈಲ್‌ಪೊಳ್ದಿನ ಕೋವಿ ನಡೆದು ಹೋಗಬೇಕು’ ಎಂದರು. ಮಂಡಿಯುದ್ದದ ಕಪ್ಪು ಕುಪ್ಯ, ನಡುವಿಗೆ ಕೆಂಪು ಚೇಲೆ, ಅದರಲ್ಲಿ ಬೆಳ್ಳಿ ಹಿಡಿಯ ಪೀಚೆಕತ್ತಿ. ಹೆಗಲಲ್ಲಿ ಕೋವಿ. ಒಂದು ಕಡೆ ಮೊಮ್ಮಗಳು, ಇನ್ನೊಂದು ಕಡೆ ಕೊಡೆ ಹಿಡಿದ ನಾನು. ಎದುರಿಗೆ ಬಂದವರು ಯಾರೂ ಕೋವಿಯನ್ನು ನೋಡಲೇ ಇಲ್ಲ! ಹಾಲಿನ ಸೈಕಲ್ಲಿನವನು ‘ನಮಸ್ಕಾರ’ ಎಂದ. ಶಾಲೆಯ ಮಕ್ಕಳು ದಾರಿ ಬಿಟ್ಟರು. ನಮ್ಮ ಬೀದಿಯಲ್ಲಿ ಒಬ್ಬನು ಹೀಗೆ ಹೊರಟಿದ್ದರೆ ಬಾಗಿಲುಗಳೆಲ್ಲ ಪಟಪಟನೆ ಮುಚ್ಚಿ, ಅರ್ಧ ಗಂಟೆಯೊಳಗೆ ಠಾಣೆಯ ಜೀಪು ಬಂದಿರುತ್ತಿತ್ತು.

ಠಾಣೆಯವರು ಇಲ್ಲಿಯೂ ಬಂದಿದ್ದರು. ಕೂಡುರಸ್ತೆಯ ಬಳಿ ಕಬ್ಬಿಣದ ತಡೆಗಳನ್ನು ಅಡ್ಡಹಾಕಿ ನಿಂತಿದ್ದರು. ಯಾರೋ ಗಣ್ಯರು ಅಂದು ಆ ದಾರಿಯಲ್ಲಿ ಹಾದುಹೋಗುವರಂತೆ, ಅದಕ್ಕೆ ಬಂದೋಬಸ್ತು. ಮಳೆಯಂಗಿ ತೊಟ್ಟ ಎಳೆಯ ಪೇದೆಯೊಬ್ಬನು, ಮೀಸೆ ಇನ್ನೂ ಸರಿಯಾಗಿ ಬಲಿತಿಲ್ಲ, ಎರಡು ಹೆಜ್ಜೆ ಮುಂದೆ ಬಂದು ಕೈ ಎತ್ತಿದನು.

‘ಅಜ್ಜಾರ, ಸ್ವಲ್ಪ ನಿಲ್ರಿ. ಬಂದೂಕ ಹಿಡಕೊಂಡು ಎಲ್ಲಿಗೆ ಹೊಂಟೀರಿ? ಲೈಸೆನ್ಸ್ ಐತೇನ್ರಿ?’

ಉತ್ತರ ಕರ್ನಾಟಕದ ಮಾತು. ಹೊಸದಾಗಿ ಇತ್ತ ಬಂದವನೆಂಬುದು ಸ್ಪಷ್ಟ. ನನ್ನ ಎದೆ ಢವಢವಿಸತೊಡಗಿತು. ಸುಬೇದಾರರು ಮಾತ್ರ ಸಿಡುಕಲಿಲ್ಲ, ಹಿಗ್ಗಲೂ ಇಲ್ಲ. ಮೊದಲು ಕೋವಿಯನ್ನು ನಿಧಾನವಾಗಿ ಹೆಗಲಿನಿಂದ ಇಳಿಸಿ, ನಳಿಗೆಯ ಮೂತಿಯನ್ನು ನೆಲದ ಕಡೆಗೆ ತಿರುಗಿಸಿ, ಅದನ್ನು ನಡುವಿಗೆ ಮಡಚಿ ತೆರೆದು ಪೇದೆಯ ಕಡೆಗೆ ಹಿಡಿದರು. ಎರಡು ನಳಿಗೆಯ ಆಚೆಗೂ ಬೆಳಕು ಕಂಡಿತು.

‘ಖಾಲಿ ಉಂಟು. ಮೊದಲು ಅದನ್ನು ನೋಡು. ಕಾಗದ ಆಮೇಲೆ’ ಎಂದರು. ‘ಲೈಸೆನ್ಸ್ ನನ್ನಲ್ಲಿ ಇಲ್ಲ ಮಗ. ವಿನಾಯಿತಿ ಉಂಟು.’

ಚೇಲೆಯ ಮಡಿಕೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದ ಹೊರಬಂದಿತು: ಜಿಲ್ಲಾಧಿಕಾರಿಗಳ ಕಚೇರಿಯಿಂದ ಕೊಟ್ಟ ವಿನಾಯಿತಿ ಪತ್ರ. ಪೇದೆಯು ಅದನ್ನು ಮೇಲಿನಿಂದ ಕೆಳಕ್ಕೆ ಓದಿ, ಕೋವಿಯ ಮೇಲೆ ಕೊರೆದಿದ್ದ ನಂಬರನ್ನು ಕಾಗದದೊಡನೆ ತಾಳೆ ನೋಡತೊಡಗಿದನು. ಅಷ್ಟರಲ್ಲಿ ಬದಿಯ ಅಂಗಡಿಯಲ್ಲಿ ಕಾಫಿ ಕುಡಿಯುತ್ತಿದ್ದ ಅವನ ಮೇಲಿನವರು, ಆ ಸೀಮೆಯವರೇ, ಓಡಿಬಂದು ‘ಅಯ್ಯೋ, ಸುಬೇದಾರರನ್ನು ಏತಕ್ಕಪ್ಪ ನಿಲ್ಲಿಸಿದೆ! ಹಬ್ಬದ ದಿವಸ!’ ಎಂದು ಗದರಿದರು. ಹುಡುಗನ ಮುಖ ಕೆಂಪಾಯಿತು.

‘ಬೈಯಬೇಡಿ. ಅವನು ಮಾಡಿದ್ದು ಸರಿ’ ಎಂದರು ಸುಬೇದಾರರು. ‘ಕೋವಿ ಕಂಡರೆ ಕೇಳಬೇಕು. ಕೇಳದೆ ಬಿಡುವವನ ಹತ್ತಿರ ನನಗೆ ಭಯ.’

ಕಾನೂನೂ ಹೀಗೆಯೇ ಇದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 19ನೆಯ ಕಲಮಿನಂತೆ, ಆಯುಧ ಹಿಡಿದು ನಡೆಯುವ ಯಾರನ್ನೇ ಆಗಲಿ ಲೈಸೆನ್ಸು ತೋರಿಸೆಂದು ಕೇಳುವ ಅಧಿಕಾರ ಪೋಲೀಸ್ ಅಧಿಕಾರಿಗೆ ಉಂಟು. ಅದು ಇಲ್ಲದವನು, ಲೈಸೆನ್ಸಿಲ್ಲದೆ ಹಿಡಿಯಲು ತನಗೆ ಹಕ್ಕಿದೆಯೆಂದು ತೋರಿಸಿಕೊಡಬೇಕು. ತೋರಿಸಲಾರದವನ ಹೆಸರು ವಿಳಾಸಗಳನ್ನು ಕೇಳಬಹುದು. ಅಗತ್ಯ ಕಂಡರೆ ಆಯುಧವನ್ನು ವಶಪಡಿಸಿಕೊಳ್ಳಬಹುದು. ‘ಕೊಡವರಿಗೆ ಕೋವಿಗೆ ಕಾಗದವೇ ಬೇಡ’ ಎಂದು ನಮ್ಮ ಕಡೆ ಹೇಳುವುದು ಅರ್ಧ ಮಾತ್ರ ನಿಜ. ಬೇಡವಾದದ್ದು ಲೈಸೆನ್ಸು. ತಾನು ವಿನಾಯಿತಿಗೆ ಸೇರಿದವನೆಂಬುದನ್ನು ಹೇಳುವ ಪತ್ರ ಬೇಕೇ ಬೇಕು.

ಹೊರಡುವಾಗ ಸುಬೇದಾರರು ಪೇದೆಯ ಊರು ಕೇಳಿದರು. ‘ಮುಧೋಳ ತಾಲೂಕ್ರಿ, ಹಲಗಲಿ ಹತ್ರ’ ಎಂದನು. ನಾನು ಬೆಚ್ಚಿ ಅವನ ಮುಖ ನೋಡಿದೆ. ಸುಬೇದಾರರಿಗೆ ಆ ಹೆಸರಿನ ಪರಿಚಯವಿರಲಿಲ್ಲ, ಮೊಮ್ಮಗಳಿಗಿತ್ತು. ‘ಹತ್ತನೇ ಕ್ಲಾಸಿನಲ್ಲಿ ನಮಗೆ ಪಾಠ ಇತ್ತಲ್ಲ, ಹಲಗಲಿ ಬೇಡರು!’ ಎಂದಳು. ಪೇದೆಯು ಆ ಬೆಳಗ್ಗೆ ಮೊದಲನೆಯ ಸಲ ನಕ್ಕನು. ‘ನಮ್ಮಜ್ಜ ಅದನ್ನ ಹಾಡ್ತಿದ್ದ್ರಿ’ ಎಂದನು.

ಉಳಿದ ದಾರಿಯುದ್ದಕ್ಕೂ ನಾನು ಆ ಕಥೆಯನ್ನು ಸುಬೇದಾರರಿಗೆ ಹೇಳುತ್ತ ನಡೆದೆ. 1857ರಲ್ಲಿ ಉತ್ತರದಲ್ಲಿ ದಂಗೆಯೆದ್ದೊಡನೆ ಕಂಪನಿಯ ಸರ್ಕಾರವು ಜನರ ಕೈಯಲ್ಲಿದ್ದ ಆಯುಧಗಳನ್ನೆಲ್ಲ ಕಸಿದುಕೊಳ್ಳುವ ಕಾನೂನನ್ನು ತಂದಿತು. ಅನುಮತಿಯಿಲ್ಲದೆ ಆಯುಧವಿಡಕೂಡದು, ಇದ್ದವರು ಒಪ್ಪಿಸಬೇಕು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೇ ಅನ್ನ, ಆಯುಧವೇ ಮಾನ. ಕೊಡುವುದಿಲ್ಲವೆಂದರು. ಅದೇ ವರ್ಷದ ನವೆಂಬರಿನಲ್ಲಿ ಇಂಗ್ಲಿಷರ ದಂಡು ಹೋಗಿ ಊರಿಗೆ ಬೆಂಕಿಯಿಟ್ಟಿತು. ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಆ ಗೋಳು ಲಾವಣಿಯಾಗಿ ಉಳಿದಿದೆ.

ಅದಾಗಿ ನಾಲ್ಕು ವರ್ಷ ಕಳೆಯುವುದರೊಳಗೆ, 1861ರಲ್ಲಿ, ಮೈಸೂರಿಗೂ ಕೊಡಗಿಗೂ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಸಾಹೇಬನು ಅದೇ ನಿಶ್ಶಸ್ತ್ರೀಕರಣದ ಕಾನೂನಿನಿಂದ ಕೊಡಗಿನವರನ್ನು ಬಿಟ್ಟುಕೊಟ್ಟು ಪ್ರಕಟಣೆ ಹೊರಡಿಸಿದನು. ಕಾರಣ, ಅವರ ಶೌರ್ಯ ಮತ್ತು ಸರ್ಕಾರದ ವಿಷಯದಲ್ಲಿ ಅವರ ನಿಷ್ಠೆ. ಕೆಲಸದಿಂದ ನಿವೃತ್ತನಾಗುವ ಮುನ್ನ ಅವನು ಮಾಡಿದ ಕಡೆಯ ಕಾರ್ಯಗಳಲ್ಲಿ ಇದೊಂದು. ಆ ವರ್ಷವೇ ಊರಿಗೆ ಹಿಂದಿರುಗುವ ದಾರಿಯಲ್ಲಿ, ಸೂಯೆಜ್‌ನಲ್ಲಿ ತೀರಿಕೊಂಡನು.

ನಿಷ್ಠೆಯೆಂಬ ಈ ಮಾತಿನ ಹಿಂದೆಯೂ ಒಂದು ಲೆಕ್ಕವುಂಟು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ತೆಗೆದುಕೊಂಡರು. 1837ರಲ್ಲಿ ಸುಳ್ಯ ಪುತ್ತೂರುಗಳ ಕಡೆಯ ರೈತರು, ಅವರಲ್ಲಿ ಅರೆಭಾಷೆಯ ಗೌಡರೇ ಹೆಚ್ಚು, ದಂಗೆಯೆದ್ದು ಮಂಗಳೂರಿನವರೆಗೆ ನುಗ್ಗಿ ಕೆಲವು ದಿನ ಅದನ್ನು ಹಿಡಿದಿದ್ದರು. ಆಗ ಕೊಡಗಿನ ದಿವಾನರೂ ಅನೇಕ ಕೊಡವರೂ ಇಂಗ್ಲಿಷರ ಕಡೆಗೆ ನಿಂತರು, ಪದಕಗಳು ಬಂದವು. ದಂಗೆಯ ಮುಂದಾಳುಗಳಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯ ಕೋಟೆಯ ಬಳಿಯೇ ನೇಣಿಗೆ ಹಾಕಿದರು. ಇನ್ನೊಬ್ಬ ಮುಂದಾಳು ಕೆದಂಬಾಡಿ ರಾಮಯ್ಯಗೌಡನ ಪ್ರತಿಮೆ 2022ರಲ್ಲಿ ಮಂಗಳೂರಿನಲ್ಲಿ ಅನಾವರಣಗೊಂಡಿತು. ಕಬ್ಬನ್ನನ ಪ್ರತಿಮೆ ಬಹುಕಾಲ ಬೆಂಗಳೂರಿನ ಹೈಕೋರ್ಟಿನ ಆವರಣದಲ್ಲಿದ್ದು 2020ರಲ್ಲಿ ಪಾರ್ಕಿನೊಳಕ್ಕೆ ಹೋಯಿತು. ಪ್ರತಿಮೆಗಳಿಗೂ ವರ್ಗಾವಣೆ ತಪ್ಪಿದ್ದಲ್ಲ.

ಸುಬೇದಾರರು ಎಲ್ಲವನ್ನೂ ಕೇಳಿ, ಬಹಳ ದೂರ ಮಾತಾಡದೆ ನಡೆದರು. ಕೊನೆಗೆ, ‘ಹಾಗಾದರೆ ನನಗೆ ಸಿಕ್ಕಿದ್ದಕ್ಕೂ ಆ ಹುಡುಗನ ಅಜ್ಜನಿಂದ ಕಸಿದದ್ದಕ್ಕೂ ಕಾನೂನು ಒಂದೇ’ ಎಂದರು. ಅಷ್ಟೇ.

ಐನ್‌ಮನೆಯ ನಡುಕೋಣೆಯಲ್ಲಿ ತೂಗುದೀಪ ಉರಿಯುತ್ತಿತ್ತು. ಕನ್ನಿಕೋಂಬರೆಯಲ್ಲಿ, ಎಂದರೆ ಹಿರಿಯರ ಕೋಣೆಯಲ್ಲಿ, ಕೋವಿಗಳನ್ನು ಸಾಲಾಗಿ ಒರಗಿಸಿದ್ದರು. ತೋಟಾ ಹಾಕುವ ಜೋಡುನಳಿಗೆಗಳು, ಒಂಟಿನಳಿಗೆಗಳು, ಮೂತಿಯಿಂದ ಮದ್ದು ತುಂಬುವ ಒಂದು ಹಳೆಯ ಕೇಪಿನ ಕೋವಿ. ಬದಿಯಲ್ಲಿ ಅಗಲವಾದ ಒಡಿಕತ್ತಿ. ಎಲ್ಲಕ್ಕೂ ಗಂಧದ ಬೊಟ್ಟು. ಪ್ರತಿಯೊಂದು ನಳಿಗೆಯ ತುದಿಯಲ್ಲೂ ಕೆಂಪು ಹಳದಿ ನಾಲಿಗೆಗಳ ಒಂದೊಂದು ಹೂವು. ಇದು ನಮ್ಮ ಕಡೆ ಗೌರಿಹೂವೆಂದೂ ಅಗ್ನಿಶಿಖೆಯೆಂದೂ ಕರೆಯುವ ಬಳ್ಳಿಯ ಹೂವು. ಈ ದಿನಗಳಲ್ಲೇ ಬೇಲಿಗಳ ಮೇಲೆ ಅರಳುತ್ತದೆ. ಕೊಡವರು ಇದಕ್ಕಿಟ್ಟಿರುವ ಹೆಸರು ತೋಕ್‌ಪೂ. ತೋಕ್ ಎಂದರೆ ಕೋವಿ.

ಗಂಡುಮಗು ಹುಟ್ಟಿದರೆ ಒಂದು ಗುಂಡು. ಮನೆಯಲ್ಲಿ ಸಾವಾದರೆ ಒಂದರ ಹಿಂದೊಂದರಂತೆ ಎರಡು. ಬೆಟ್ಟದ ಒಂದು ಬದಿಗೆ ಒಂದು ಮನೆ, ಮತ್ತೊಂದು ಬದಿಗೆ ಇನ್ನೊಂದು ಮನೆಯಿರುವ ನಾಡಿನಲ್ಲಿ ಓಲೆಕಾರನಿಗಿಂತ ಮೊದಲು ಸುದ್ದಿ ಮುಟ್ಟಿಸುತ್ತಿದ್ದುದು ಕೋವಿ. ಪುತ್ತರಿಯ ರಾತ್ರಿ ಹೊಸ ಭತ್ತದ ಮೊದಲ ಕದಿರನ್ನು ಕೊಯ್ಯುವಾಗಲೂ ಒಂದು ಗುಂಡು ಹಾರಬೇಕು. ಎರಡು ಸದ್ದು ಕೇಳಿತೆಂದರೆ ಮೈಲಿಗಟ್ಟಲೆ ದೂರದಲ್ಲಿ ಗದ್ದೆಯಲ್ಲಿದ್ದವರೂ ಕೆಲಸ ನಿಲ್ಲಿಸಿ, ಯಾವ ದಿಕ್ಕು, ಯಾರ ಮನೆ ಎಂದು ಕಿವಿಗೊಡುತ್ತಿದ್ದರಂತೆ.

ಊಟಕ್ಕೆ ಕಡುಂಬುಟ್ಟು, ಅದರ ಜೊತೆಗೆ ಕಾಚಂಪುಳಿ ಹಾಕಿದ ಪಂದಿಕರಿ. ಸಸ್ಯಾಹಾರಿಯಾದ ನನಗೆಂದು ಮನೆಯವರು ಬಿದಿರಿನ ಕಳಲೆಯನ್ನು ಬೇರೆ ಮಾಡಿಸಿದ್ದರು. ಕೈತೊಳೆದು ಜಗಲಿಯಲ್ಲಿ ಕುಳಿತಾಗ ನಾನು ಕೇಳಬಾರದ ಪ್ರಶ್ನೆಯೊಂದನ್ನು ಕೇಳಿದೆ: ‘ಪೋಲೀಸರೊಡನೆ ಎಂದಾದರೂ ಜಗಳವಾದದ್ದುಂಟೇ?’

ಸುಬೇದಾರರು ಎಲೆಯಡಕೆಯ ತಟ್ಟೆಯನ್ನು ಬದಿಗೆ ಸರಿಸಿದರು. ‘ಜಗಳ ಅಲ್ಲ’ ಎಂದರು.

ಕೆಲವು ಚುನಾವಣೆಗಳ ಹಿಂದಿನ ಮಾತು. ಚುನಾವಣೆ ಘೋಷಣೆಯಾದರೆ ಕೋವಿಗಳನ್ನು ಠಾಣೆಯಲ್ಲಿ ಠೇವಣಿಯಿಡಬೇಕೆಂಬ ಆಜ್ಞೆ ಬರುವುದುಂಟು. ಯಾರು ಇಡಬೇಕು, ಯಾರು ಬೇಡ ಎಂಬುದನ್ನು ಪರಿಶೀಲಿಸಲು ಜಿಲ್ಲೆಯಲ್ಲಿ ಸಮಿತಿಯಿರುತ್ತದೆ. ಆದರೆ ಆ ಸಲ ಆ ಊರಿನವರೆಲ್ಲ ಒಯ್ದಿಟ್ಟರು. ಸುಬೇದಾರರೂ ಇಟ್ಟು ರಸೀದಿ ತಂದರು. ನಾಲ್ಕನೆಯ ದಿನ ಅವರ ತಮ್ಮ ತೀರಿಕೊಂಡನು. ಅವನೂ ಸಿಪಾಯಿ, 1965ರ ಯುದ್ಧದಲ್ಲಿ ಹೋರಾಡಿ ಬಂದವನು. ಹೆಣ ಅಂಗಳದಲ್ಲಿದೆ, ಎರಡು ಗುಂಡು ಹಾರಬೇಕು, ಊರಿನಲ್ಲಿ ಒಂದು ಕೋವಿಯೂ ಇಲ್ಲ. ಸುಬೇದಾರರು ರಸೀದಿ ಹಿಡಿದು ಠಾಣೆಗೆ ಹೋದರು. ಒಂದು ಗಂಟೆಗಾಗಿ ಕೊಡಿ, ನಿಮ್ಮವನೇ ಒಬ್ಬ ಜೊತೆಗೆ ಬರಲಿ, ಎರಡು ತೋಟಾ ಲೆಕ್ಕ ಹಾಕಿ ಕೊಡಿ ಎಂದರು. ಅಧಿಕಾರಿ ಕೆಟ್ಟವನಲ್ಲ, ಕುರ್ಚಿ ಕೊಟ್ಟು ಕೂರಿಸಿದನು, ಮೇಲಿನವರಿಗೆ ಫೋನು ಮಾಡಿದನು. ಮೇಲಿನವರು ತಮಗೂ ಮೇಲಿನವರನ್ನು ಕೇಳಿ ಹೇಳುವುದಾಗಿ ಹೇಳಿದರು. ಮಧ್ಯಾಹ್ನವಾಯಿತು, ಮೂರು ಗಂಟೆಯಾಯಿತು. ಫೋನು ಬರಲಿಲ್ಲ.

‘ಆಮೇಲೆ?’

‘ಆಮೇಲೆ ಎರಡು ಗರ್ನಾಲು ತಂದು ಹೊಡೆಸಿದೆವು. ದೇವರ ಉತ್ಸವಕ್ಕೆ ಹೊಡೆಯುತ್ತಾರಲ್ಲ, ಅದು. ಸದ್ದು ಆಯಿತು’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆಚೆ ಬೆಟ್ಟದವರು ಯಾರದೋ ಮದುವೆ ಎಂದುಕೊಂಡರಂತೆ. ಯಾರೂ ಬರಲಿಲ್ಲ. ಕತ್ತಲೆಯಾದ ಮೇಲೆ ಹೇಳಿಕಳುಹಿಸಬೇಕಾಯಿತು.’

ಈ ಮಾತು ನಡೆಯುವಾಗ ಅವರ ಮಗ, ಕೋವಿ ಬೇಡವೆನ್ನುವವರು, ಕಂಬಕ್ಕೊರಗಿ ನಿಂತು ಅಂಗಳವನ್ನೇ ನೋಡುತ್ತಿದ್ದರು. ಮತ್ತೆ ಅವರು ಹೇಳಿದ ಮಾತಿನಲ್ಲಿ ಸಿಟ್ಟಿರಲಿಲ್ಲ. ‘ನನ್ನದೂ ಅದೇ ನೋವು ಸಾರ್. ಇಂದು ವಿನಾಯಿತಿ ಎನ್ನುತ್ತಾರೆ, ನಾಳೆ ಠೇವಣಿ ಎನ್ನುತ್ತಾರೆ. ಹತ್ತು ವರ್ಷಕ್ಕೊಮ್ಮೆ ದೆಹಲಿಯ ಕಡೆ ಮುಖ ಮಾಡಿ ಕಾಯಬೇಕು. ಇನ್ನೊಬ್ಬರ ದಯೆಯ ಮೇಲೆ ನಿಂತದ್ದನ್ನು ಮನೆದೇವರೆಂದು ಹೇಗೆ ಇಟ್ಟುಕೊಳ್ಳುವುದು?’

ದೆಹಲಿಯ ಮಾತು ಸುಳ್ಳಲ್ಲ. ಸ್ವತಂತ್ರ ಭಾರತದ ಹೊಸ ಕಾಯಿದೆ ಬಂದ ಮೇಲೆ 1963ರಲ್ಲಿ ಕೇಂದ್ರ ಸರ್ಕಾರವು ಈ ವಿನಾಯಿತಿಯನ್ನು ಮುಂದುವರಿಸಿತು. ಅದು ಎರಡು ಬಗೆಯವರಿಗೆ: ಕೊಡವ ಜನಾಂಗಕ್ಕೆ ಸೇರಿದವರು ಮತ್ತು ಜಮ್ಮಾ ಹಿಡುವಳಿದಾರರು. ಜಮ್ಮಾ ಎಂದರೆ ಹಾಲೇರಿ ಅರಸರ ಕಾಲದಿಂದ, ಕರೆದಾಗ ದಂಡಿಗೆ ಬರಬೇಕೆಂಬ ಷರತ್ತಿನ ಮೇಲೆ ವಂಶಪಾರಂಪರ್ಯವಾಗಿ ಬಂದ ಭೂಮಿ. ಕೊಡವರಲ್ಲದೆ ಗೌಡರಲ್ಲೂ ಇತರ ಕೆಲವು ಜನಾಂಗಗಳಲ್ಲೂ ಜಮ್ಮಾದವರಿದ್ದಾರೆ. ಇಂಗ್ಲಿಷರ ಮೇಲೆ ದಂಗೆಯೆದ್ದವರ ಕುಲದವರೂ ಇಂದು ಆ ಪಟ್ಟಿಯಲ್ಲಿ ಬರುತ್ತಾರೆಂಬುದನ್ನು ನೆನೆದು ನನಗೆ ಸಮಾಧಾನವಾಯಿತು. ಜಿಲ್ಲೆಯ ಹೊರಗೆ ಒಯ್ಯುವುದಾದರೆ ಮಿತಿಯುಂಟು: ಒಂದು ರೈಫಲ್ಲು, ಅದಕ್ಕೆ 100 ಗುಂಡು; ಒಂದು ನುಣುಪು ನಳಿಗೆಯ ಕೋವಿ, ಅದಕ್ಕೆ 500 ತೋಟಾ. 2019ರ ಅಕ್ಟೋಬರಿನಲ್ಲಿ ಹೊರಟ ಪ್ರಕಟಣೆಯು ಈ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ.

ಇದನ್ನು ಪ್ರಶ್ನಿಸಿದವರೂ ಇದ್ದಾರೆ. ಸೈನ್ಯದಿಂದ ನಿವೃತ್ತರಾದ ಅಧಿಕಾರಿಯೊಬ್ಬರೇ, ಹುಟ್ಟಿದ ಜಾತಿಯನ್ನೂ ಹಿಡಿದ ಭೂಮಿಯನ್ನೂ ನೋಡಿ ವಿನಾಯಿತಿ ಕೊಡುವುದು ಸಂವಿಧಾನದ ಸಮಾನತೆಗೆ ಒಪ್ಪುವುದಿಲ್ಲವೆಂದು ಕರ್ನಾಟಕ ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ಅರ್ಜಿಯನ್ನು ವಜಾ ಮಾಡಿತು: ಇದು ಸ್ವಾತಂತ್ರ್ಯಕ್ಕೆ ಹಿಂದಿನಿಂದ ನಡೆದುಬಂದದ್ದು, ಇವರು ಯೋಧ ಜನಾಂಗ, ವಿನಾಯಿತಿ ಕೊನೆಯಿಲ್ಲದ್ದಲ್ಲ, ಷರತ್ತುಗಳೂ ಇವೆ ಎಂಬ ಕಾರಣಗಳಿಂದ. ತೀರ್ಪನ್ನು ತಲೆಬಾಗಿ ಒಪ್ಪೋಣ. ಆದರೂ ಅರ್ಜಿದಾರರ ಪ್ರಶ್ನೆ ನನ್ನ ಮನಸ್ಸಿನಿಂದ ಪೂರ್ತಿ ಹೋಗಲಿಲ್ಲವೆಂಬುದನ್ನು ಮುಚ್ಚಿಡಲಾರೆ. ಮಧ್ಯಾಹ್ನ ಮೈದಾನದಲ್ಲಿ ಜನ ಸೇರಿದಾಗ, ಅಂಚಿನ ಮರದಡಿಯಲ್ಲಿ ತೋಟದ ಲೈನುಮನೆಗಳ ಎರವರೂ ಕುರುಬರೂ ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ನಿಂತು ನೋಡುತ್ತಿದ್ದರು. ಬೆಳಗಿನ ಜಾವದಲ್ಲಿ ತೋಟದ ದಾರಿಯಲ್ಲಿ ಆನೆಗೆ ಮೊದಲು ಎದುರಾಗುವವರು ಅವರು. ಅವರ ಕೈಯಲ್ಲಿ ಕೋವಿಯಿಲ್ಲ, ಎಂದೂ ಇರಲಿಲ್ಲ.

ಮೈದಾನದ ಆಚೆಯ ಕೊನೆಯಲ್ಲಿ ಎತ್ತರದ ಮರದ ಕೊಂಬೆಗೆ ತೆಂಗಿನಕಾಯಿಯನ್ನು ಕಟ್ಟಿದ್ದರು. ಹಿಂದೆ ಬರಿಯ ಗುಡ್ಡ. ನೆಲದ ಮೇಲೆ ಸುಣ್ಣದ ಗೆರೆ, ಗೆರೆಯ ಮುಂದೆ ಯಾರೂ ಹೋಗಕೂಡದು. ಸರದಿ ಬಂದವನ ಹೊರತು ಉಳಿದವರ ಕೋವಿಗಳೆಲ್ಲ ಮಡಚಿ ತೆರೆದಿರಬೇಕು. ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಉತ್ತರ ಭಾರತದ ಮದುವೆಗಳಲ್ಲಿ ಸಂಭ್ರಮಕ್ಕೆಂದು ಹಾರಿಸಿದ ಗುಂಡುಗಳಿಗೆ ಜನ ಬಲಿಯಾದ ಮೇಲೆ, 2019ರ ತಿದ್ದುಪಡಿಯಲ್ಲಿ, ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಸಂಭ್ರಮದ ಗುಂಡು ಹಾರಿಸುವುದಕ್ಕೆ ಎರಡು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಎಂದು ಸೇರಿಸಿದ್ದಾರೆ. ವಿನಾಯಿತಿ ಇರುವುದು ಲೈಸೆನ್ಸಿಗೆ, ಅಜಾಗರೂಕತೆಗಲ್ಲ.

ಹದಿನೈದಿಪ್ಪತ್ತು ಜನ ಹೊಡೆದರು. ಕಾಯಿ ಅಲುಗಿತು, ನಾರು ಹಾರಿತು, ಬೀಳಲಿಲ್ಲ. ಸುಬೇದಾರರ ಸರದಿ ಬಂದಿತು. ಅವರು ಗೆರೆಯ ಬಳಿಗೆ ಹೋಗಿ, ಕೋವಿಯನ್ನು ಎತ್ತಿ ಹೆಗಲಿಗಾನಿಸಿ, ಬಹಳ ಹೊತ್ತು ಹಾಗೆಯೇ ನಿಂತರು. ಕುದುರೆಯ ಮೇಲಿನ ಬೆರಳು ಅಲುಗಲಿಲ್ಲ. ಆಮೇಲೆ ಕೋವಿಯನ್ನು ಇಳಿಸಿ, ತೋಟಾಗಳನ್ನು ಹೊರತೆಗೆದು, ‘ಮರವೇ ಕಾಣುವುದಿಲ್ಲ’ ಎಂದು ಮೆಲ್ಲನೆ ಹೇಳಿ ಮೊಮ್ಮಗಳನ್ನು ಕರೆದರು. ಕೋವಿಯನ್ನು ಎರಡು ಕೈಯಲ್ಲೂ ಹಿಡಿದು ಕೊಟ್ಟರು. ಆಕೆ ಬಗ್ಗಿ ಅವರ ಕಾಲುಮುಟ್ಟಿ ತೆಗೆದುಕೊಂಡಳು. ಅವಳ ತಂದೆ ಮುಂದೆ ಬಂದಾಗ, ಬೇಡವೆನ್ನುವರೇನೋ ಎಂದು ನಾನು ಅಂಜಿದೆ. ಅವರು ಮಗಳ ಎಡಗೈ ಮೊಣಕೈಯನ್ನು ಕೊಂಚ ಕೆಳಕ್ಕೆ ಒತ್ತಿ ಸರಿಪಡಿಸಿ ಹಿಂದೆ ಸರಿದರು.

ಮೊದಲನೆಯದು ತಪ್ಪಿತು. ಎರಡನೆಯದಕ್ಕೆ ಕಾಯಿ ಒಡೆದು ನೀರು ಚಿಮ್ಮಿ, ಅರ್ಧ ಹೋಳು ಹುಲ್ಲಿನ ಮೇಲೆ ಬಿತ್ತು.

ಹಿಂದಿರುಗುವಾಗ ಕೋವಿ ಆಕೆಯ ಹೆಗಲಲ್ಲಿತ್ತು. ‘ಕಾನೂನಿನ ಪ್ರಕಾರ ಬೆಂಗಳೂರಿಗೂ ಒಯ್ಯಬಹುದಲ್ಲ, ಒಯ್ಯುವೆಯಾ?’ ಎಂದು ಕೇಳಿದೆ. ‘ಮಾಂಸ ಬೇಯಿಸುವವರಿಗೇ ಮನೆ ಕೊಡದ ಬೀದಿ ಅಂಕಲ್ ನಮ್ಮದು. ಕೋವಿ ಉಂಟು ಎಂದರೆ ಮನೆಯವರು ಅಡ್ವಾನ್ಸ್ ಕೂಡ ವಾಪಸ್ಸು ಕೇಳುವ ಮೊದಲೇ ಕೊಟ್ಟುಬಿಡುತ್ತಾರೆ’ ಎಂದಳು. ಸೋಮವಾರ ಮಡಿಕೇರಿಗೆ ಹೋಗಿ ತನ್ನ ಹೆಸರಿನ ಪತ್ರಕ್ಕೆ ಅರ್ಜಿ ಕೊಟ್ಟು, ಕೋವಿಯನ್ನು ಊರಿನಲ್ಲೇ ಬಿಟ್ಟು ಹೋಗುವುದೆಂದು ತಂದೆ ಮಕ್ಕಳ ನಡುವೆ ಅಷ್ಟರಲ್ಲಿ ಗೊತ್ತಾಗಿತ್ತು.

ಕೂಡುರಸ್ತೆಯಲ್ಲಿ ತಡೆಗಳನ್ನು ಬದಿಗೆ ಸರಿಸಿದ್ದರು. ಗಣ್ಯರು ಹಾದುಹೋಗಿದ್ದರು. ಮುಧೋಳದ ಪೇದೆ ಒಬ್ಬನೇ ಮಳೆಯಂಗಿಯನ್ನು ಮಡಿಸುತ್ತ ನಿಂತಿದ್ದನು. ನಮ್ಮನ್ನು ಕಂಡು ಹತ್ತಿರ ಬಂದು, ಕೋವಿ ಈಗ ಯಾರ ಹೆಗಲಲ್ಲಿದೆಯೆಂಬುದನ್ನು ನೋಡಿದನು. ಸುಬೇದಾರರು ಕೇಳುವ ಮೊದಲೇ ಚೇಲೆಗೆ ಕೈಹಾಕಿ ಕಾಗದ ತೆಗೆಯಹೋದರು.

‘ಇರ್ಲಿ ಬಿಡ್ರಿ ಅಜ್ಜಾರ, ಮುಂಜಾನೆ ನೋಡೀನಲ್ರಿ’ ಎಂದನು. ಮತ್ತೆ ಹುಡುಗಿಯ ಕಡೆ ತಿರುಗಿ, ‘ಕಾಯಿ ಬಿತ್ತೇನ್ರಿ ಅಕ್ಕಾರ?’ ಎಂದು ಕೇಳಿದನು.

ಆಕೆ ಕೋವಿಯನ್ನು ಮಡಚಿ ತೆರೆದು, ಎರಡು ನಳಿಗೆಯೂ ಖಾಲಿಯೆಂದು ಅವನಿಗೆ ತೋರಿಸಿ, ಬಳಿಕ ಕೈಚೀಲದಿಂದ ತೆಂಗಿನ ಹೋಳನ್ನು ತೆಗೆದು ಅವನ ಕೈಗಿತ್ತಳು.